ಬಾಗಿಲು ತೆಗೆದವನ ತಾಯಿಗೆ ಸನ್ಮಾನ

ಮೆಲ್ಬರ್ನ್ ಪೂರ್ವ ವಲಯ ಕನ್ನಡ ಕೂಟವು ತನ್ನ ಹದಿನೆಂಟು ವರ್ಷಗಳ ಚರಿತ್ರೆಯಲ್ಲಿ ಸನ್ಮಾನಕ್ಕೆ ಅರ್ಹರಾದ ಯಾರನ್ನೂ ಬಿಟ್ಟಿಲ್ಲ, ಅರ್ಹರಲ್ಲದವರನ್ನೂ ಬಿಟ್ಟಿಲ್ಲ. ಕಾಯಂ ನೆಲೆಸಲು ಪಿಆರ್ ಸಿಕ್ಕವರಿಗೆ, ಮನೆ ಕೊಂಡವರಿಗೆ, ಮಗಳ ರಂಗಪ್ರವೇಶ ಮುಗಿಸಿ ಬದುಕಿ ಉಳಿದವರಿಗೆ ಶಾಲು ಹೊದಿಸಲಾಗಿದೆ. ಒಂದು ವರ್ಷ ಯಾರೂ ಸಿಗದೆ ಹೋದಾಗ, ಅಧ್ಯಕ್ಷ ಈರಯ್ಯನವರು ಸಭಾಂಗಣದ ಬೀಗ ತೆಗೆದುಕೊಡುವ ಕೌನ್ಸಿಲ್ ನೌಕರನಿಗೇ ಮೈಸೂರು ಪೇಟ ತೊಡಿಸಿದರು. ಆತ ಮುಂದಿನ ವಾರವೂ ಪೇಟ ತೊಟ್ಟೇ ಬಂದ.

ಹೀಗಿರುವಾಗ, ಗ್ಲೆನ್ ವೇವರ್ಲಿಯ ಹೇಮಲತಾ ಮತ್ತು ಶಂಭುಲಿಂಗ ದಂಪತಿಯ ಮಗ ಸಂಜು ಅಮೆರಿಕದ ಮಿನ್ನೆಸೋಟದ ಒಂದು ಕಾಲೇಜಿನ ಐಸ್ ಹಾಕಿ ತಂಡಕ್ಕೆ ಗೋಲ್‌ಕೀಪರ್ ಆಗಿ ಸೇರಿದನೆಂಬ ಸುದ್ದಿ ಬಂದ ಮೇಲೆ ಕೂಟ ಕೈಕಟ್ಟಿ ಕೂರುವುದು ಸಾಧ್ಯವಿರಲಿಲ್ಲ. ಐಸ್ ಹಾಕಿ ಎಂದರೇನೆಂದು ಕಾರ್ಯಕಾರಿ ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಉಪಸಮಿತಿ ಮಾಡಬೇಕೆಂಬುದು ಕೂಟದ ನಿಯಮವಾದ್ದರಿಂದ ಅದೊಂದನ್ನು ಮಾಡಲಾಯಿತು.

ಹೇಮಲತಾಳಿಗೆ ಮಾತ್ರ ಗೊತ್ತಿತ್ತು. ಧಾರವಾಡದ ಬಿಸಿಲಲ್ಲಿ ಬೆಳೆದ ಹೆಣ್ಣುಮಗಳು ಒಂಬತ್ತು ವರ್ಷ ಬೆಳಗಿನ ಐದಕ್ಕೆ ಕಾರು ತೆಗೆದು, ಮಗನನ್ನು ಡಾಕ್‌ಲ್ಯಾಂಡ್ಸ್‌ನ ಐಸ್ ರಿಂಕ್‌ಗೆ ಕರೆದೊಯ್ದು, ಕಂಬಳಿ ಹೊದ್ದು ಕೂತು ಅವನ ಅಭ್ಯಾಸ ನೋಡಿದ್ದಳು. ಅಲ್ಲಿಂದಲೇ ನೇರ ಲ್ಯಾಬ್ ಕೆಲಸಕ್ಕೆ ಹೋಗುತ್ತಿದ್ದಳು. ‘ಓದೋ ಹುಡುಗನ್ನ ಕೆಡಿಸ್ತಾ ಇದೀರ’ ಎಂದ ಎಷ್ಟೋ ಆಂಟಿಯರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಅವಳಿಗೆ ಉಳಿದದ್ದು ಒಂದೇ ಆಸೆ. ಮಗ ಆ ಕಾಲೇಜಿನ ಅಂಗಿ ತೊಟ್ಟು, ನಿಜವಾದ ಪಂದ್ಯದಲ್ಲಿ, ಗೋಲಿನ ಮುಂದೆ ನಿಂತದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಆಸೆ ದೊಡ್ಡದೇ. ಏಕೆಂದರೆ ತಂಡದಲ್ಲಿ ಗೋಲ್‌ಕೀಪರ್‌ಗಳು ಮೂವರು. ಆಡುವವನು ಒಬ್ಬ, ಅವನಿಗೇನಾದರೂ ಆದರೆ ಎರಡನೆಯವನು, ಅವನಿಗೂ ಏನಾದರೂ ಆದರೆ ಸಂಜು. ಅಲ್ಲಿಯವರೆಗೆ ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಮಂಜಿಗೆ ಇಳಿಯುವಾಗ ಏರುವಾಗ ಕಟಕಟೆಯ ಬಾಗಿಲು ತೆಗೆದು ಹಾಕುವುದು ಅವನ ಕೆಲಸ.

“ಅಮ್ಮಾ, ಐ ಜಸ್ಟ್ ಓಪನ್ ದ ಡೋರ್” ಎಂದು ಅವನು ಫೋನಿನಲ್ಲಿ ಮೊದಲೇ ಹೇಳಿದ್ದ.

“ತಗಿ, ಚೊಲೋತ್ನಾಗ ತಗಿ. ಒಂದಿನ ನಿನಗೂ ಯಾರರೆ ತಗೀತಾರ” ಎಂದಿದ್ದಳು ಅವಳು.

ಅಕ್ಟೋಬರ್‌ನಲ್ಲಿ ಋತು ಆರಂಭವಾಯಿತು. ಅಲ್ಲಿಯ ಶುಕ್ರವಾರ ಸಂಜೆ ಎಂದರೆ ಇಲ್ಲಿಯ ಶನಿವಾರ ಮಧ್ಯಾಹ್ನ, ಊಟದ ಹೊತ್ತು. ಇದನ್ನು ಕೂಟವು ದೈವಸಂಕಲ್ಪವೆಂದು ಪರಿಗಣಿಸಿತು. ಕಾಲೇಜು ತಂದೆತಾಯಿಗಳಿಗೆಂದು ಒಂದು ಉಚಿತ ಪಾಸ್ ಕೊಟ್ಟಿತ್ತು: ಪಂದ್ಯ ನಡೆಯುವಾಗ ಮಾತ್ರ ನೋಡಬಹುದು, ಒಂದು ಸಲಕ್ಕೆ ಒಂದೇ ಪರದೆಯಲ್ಲಿ ನೋಡಬಹುದು, ಮುಗಿದ ಮೇಲೆ ಸಿಗುವುದಿಲ್ಲ. ಅದನ್ನು ಶಂಭುಲಿಂಗ ಸಮುದಾಯದ ಹಿತದೃಷ್ಟಿಯಿಂದ ಕೂಟಕ್ಕೆ ದಾನ ಮಾಡಿಬಿಟ್ಟ. ಮನೆಯಲ್ಲಿ ಕೇಳಿ ದಾನ ಮಾಡುವ ಪದ್ಧತಿ ಮೊದಲಿನಿಂದಲೂ ಅವನಿಗಿರಲಿಲ್ಲ.

ಮೊದಲ ಶನಿವಾರ ಬಾಡಿಗೆ ಸಭಾಂಗಣದಲ್ಲಿ ದೊಡ್ಡ ಪರದೆ ಇಳಿಬಿಡಲಾಯಿತು. ಅದರ ಮುಂದೆ ವೇದಿಕೆ, ವೇದಿಕೆಯ ಮೇಲೆ ನಾಲ್ಕು ಕುರ್ಚಿ, ಎರಡರಲ್ಲಿ ತಂದೆತಾಯಿ.

“ಈರಯ್ಯನೋರ, ಪರದೆ ನನ್ನ ಬೆನ್ನ ಹಿಂದ ಆತಲ್ರೀ” ಎಂದಳು ಹೇಮಲತಾ.

“ಅಕ್ಕಾರ, ಪರದೆ ಸಭಿಕರಿಗ್ರಿ. ನೀವು ಗಣ್ಯರು.”

“ನಾ ಕೆಳಗ ಕುಂಡ್ರತೀನಿ ತಗೋರಿ.”

“ತಾಯಿ ಕೆಳಗ ಕುಂತ್ರ ಹುಬ್ಬಳ್ಳಿ ಮಂದಿ ನನಗ ಏನಂದಾರು? ಕಾರ್ಯಕ್ರಮ ಪಟ್ಟಿ ಅಚ್ಚ್ ಆಗೇತ್ರಿ.”

ವೇದಿಕೆ ಶಿಷ್ಟಾಚಾರದ ಹನ್ನೊಂದನೆಯ ನಿಯಮ ಹೀಗಿದೆ: ‘ವೇದಿಕೆಯ ಮೇಲೆ ಆಸೀನರಾದವರು ಯಾವುದೇ ಕಾರಣಕ್ಕೂ ಸಭಿಕರಿಗೆ ಬೆನ್ನು ತೋರಿಸತಕ್ಕದ್ದಲ್ಲ.’ ಆ ದಿನ ಇನ್ನೂರು ಜನ ಬಿಸಿಬೇಳೆ ಬಾತ್ ತಿನ್ನುತ್ತ ಸಂಜುವನ್ನು ನೋಡಿದರು. ಹೇಮಲತಾ ಇನ್ನೂರು ಜನ ಬಿಸಿಬೇಳೆ ಬಾತ್ ತಿನ್ನುವುದನ್ನು ನೋಡಿದಳು. ಒಂದು ಶನಿವಾರ ತಲೆನೋವೆಂದು ಮನೆಯಲ್ಲೇ ಉಳಿದು ಲ್ಯಾಪ್‌ಟಾಪ್ ತೆರೆದರೆ, ಪಾಸ್ ಬೇರೆ ಕಡೆ ಬಳಕೆಯಲ್ಲಿದೆ ಎಂದು ಬಂತು.

ಉಪಸಮಿತಿಯು ಸುಮ್ಮನೆ ಕೂರಲಿಲ್ಲ. ಸಂಜು ಗೋಲು ತಡೆಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ಬಾಗಿಲು ತೆಗೆಯುತ್ತಾನೆ. ಆದ್ದರಿಂದ ಅದನ್ನು ಎಣಿಸತಕ್ಕದ್ದು ಎಂದು ಠರಾವಾಯಿತು. ಮೊದಲ ಪಂದ್ಯದಲ್ಲಿ ತೊಂಬತ್ತಾರು ಸಲ. ಎರಡನೆಯದರಲ್ಲಿ ನೂರಾ ನಾಲ್ಕು. ಶತಕ ದಾಟಿದ ದಿನ ಹೋಳಿಗೆ ಹಂಚಲಾಯಿತು. ಕೂಟದ ಪತ್ರಿಕೆಯಲ್ಲಿ ‘ಕನ್ನಡಿಗನ ಕೈ ಇಲ್ಲದೆ ಅಮೆರಿಕನ್ನರು ಕಣಕ್ಕಿಳಿಯಲಾರರು’ ಎಂಬ ತಲೆಬರಹ ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಜನವರಿಯಲ್ಲಿ, ಹೊರಗೆ ನಲವತ್ತೊಂದು ಡಿಗ್ರಿ ಸುಡುವಾಗ ಒಂದು ಅಚಾತುರ್ಯ ನಡೆಯಿತು. ಮುಖ್ಯ ಅತಿಥಿಗೆ ಶಾಲು ಹೊದಿಸುವ ಹೊತ್ತಿಗೇ ಪರದೆಯಲ್ಲಿ ಗೋಲು ಬಿದ್ದು ಸಭೆ ಕೇಕೆ ಹಾಕಿತು. ಕೇಕೆ ತಮಗೇ ಎಂದುಕೊಂಡ ಅತಿಥಿ ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು. ಅಂದೇ ಹನ್ನೆರಡನೆಯ ನಿಯಮ ಜಾರಿಗೆ ಬಂತು: ‘ಸನ್ಮಾನ ಆರಂಭವಾದಾಗಿನಿಂದ ಮುಗಿಯುವವರೆಗೆ ಪರದೆಯ ಮೇಲೆ ಪ್ರಾಯೋಜಕರ ಲೋಗೋ ಹೊರತು ಬೇರೇನೂ ಕಾಣತಕ್ಕದ್ದಲ್ಲ.’ ಪ್ರಾಯೋಜಕ, ಟ್ರುಗನಿನಾ ಬಡಾವಣೆಯಲ್ಲಿ ಮನೆಸಾಲ ಕೊಡಿಸುವ ಬ್ರೋಕರ್ ಯೋಗೀಶ, ಎದ್ದು ನಿಂತು ಇದನ್ನು ಅನುಮೋದಿಸಿದ.

ಇಷ್ಟರಲ್ಲಿ ಸಿಡ್ನಿಗೆ ಸುದ್ದಿ ಮುಟ್ಟಿತು. ಶಂಭುಲಿಂಗ ಹಿಂದೆ ಮೂರು ವರ್ಷ ನಾರ್ತ್ ಸಿಡ್ನಿಯಲ್ಲಿ ಕೆಲಸ ಮಾಡಿದ್ದ. ಸಂಜು ಹುಟ್ಟಿದ್ದು ಆಗ. ಅಲ್ಲಿಯ ಕನ್ನಡ ಬಳಗದ ಅಧ್ಯಕ್ಷ ಚಂದ್ರಶೇಖರ್ ತಮ್ಮ ಆಫೀಸಿನ ಮೀಟಿಂಗ್ ರೂಮನ್ನೇ ಬುಕ್ ಮಾಡಿ ಈರಯ್ಯನವರನ್ನು ಮಾತುಕತೆಗೆ ಕರೆಸಿದರು.

“ಸರ್, ಬರ್ತ್ ಸರ್ಟಿಫಿಕೇಟ್ ನೋಡಿ. ಕ್ಲಿಯರ್ ಆಗಿ ಸಿಡ್ನಿ ಅಂತಿದೆ. ಸೋ, ಬಾಗಿಲಲ್ಲಿ ಅರ್ಧ ನಮ್ದು.”

“ಹುಟ್ಟಿದ್ದಷ್ಟ ನಿಮ್ಮಲ್ರಿ. ಅಂವಾ ಬಾಗಲಾ ತಗ್ಯೂದು ಕಲ್ತಿದ್ದು ಮೆಲ್ಬರ್ನ್‌ನ್ಯಾಗ.”

ಎರಡು ದಿನದ ಮಾತುಕತೆಯ ಫಲವಾಗಿ ಒಪ್ಪಂದವಾಯಿತು. ಮಾರ್ಚ್ ಮೊದಲ ಶನಿವಾರ, ಋತುವಿನ ಕೊನೆಯ ಪಂದ್ಯದ ದಿನ, ಎರಡೂ ಸಂಘಗಳಿಂದ ಜಂಟಿ ಸನ್ಮಾನ. ತಂದೆಗೆ ಎರಡು ಶಾಲು, ಎರಡು ಹಾರ. ತಲೆ ಒಂದೇ ಇರುವುದರಿಂದ ಎರಡು ಪೇಟ ಸರದಿಯ ಮೇಲೆ. ತಾಯಿಗೆ ಉಡಿ ತುಂಬುವುದು: ಮೆಲ್ಬರ್ನ್‌ನ ಐವರು ಮುತ್ತೈದೆಯರು, ಸಿಡ್ನಿಯ ಐವರು ಮುತ್ತೈದೆಯರು. ಎರಡು ಅಭಿನಂದನಾ ಪತ್ರ, ಎರಡನ್ನೂ ಪೂರ್ತಿ ಓದತಕ್ಕದ್ದು. ಸಂಜು ಹೇಗೂ ಆಡುವುದಿಲ್ಲವಾದ್ದರಿಂದ ಪಂದ್ಯದ ಯಾವ ಹೊತ್ತಿನಲ್ಲಿ ಮಾಡಿದರೂ ನಷ್ಟವಿಲ್ಲ ಎಂದು ಒಪ್ಪಂದದಲ್ಲೇ ಬರೆಯಲಾಯಿತು.

ಆ ಶನಿವಾರ ಬಂತು. ಹೇಮಲತಾ ಇಳಕಲ್ ಸೀರೆ ಉಟ್ಟು, ಸೆರಗು ಒಡ್ಡಿ ಕೂತಳು. ಲ್ಯಾಪ್‌ಟಾಪ್ ನೋಡಿಕೊಳ್ಳುವ ಜವಾಬ್ದಾರಿ ಹದಿನಾರರ ಮಗಳು ಪಲ್ಲವಿಯದು. ಅವಳ ಮೇಜು ಸಭಾಂಗಣದ ಹಿಂದಿನ ಗೋಡೆಗೆ, ವೇದಿಕೆಗೆ ಸರಿಯಾಗಿ ಎದುರು. ಸನ್ಮಾನ ಶುರುವಾದೊಡನೆ ಪರದೆಯ ಮೇಲೆ ಯೋಗೀಶನ ಲೋಗೋ ಬಂತು; ಪಂದ್ಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿಯಿತು.

ಅಂದು ಆ ಕಾಲೇಜಿನ ಮೊದಲ ಗೋಲ್‌ಕೀಪರ್‌ಗೆ ಜ್ವರ. ಎರಡನೆಯವನು ಆಡುತ್ತಿದ್ದ. ತಂಡ ಮೂರು-ಎರಡರಿಂದ ಮುಂದಿತ್ತು. ಮೆಲ್ಬರ್ನ್ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ, ಕುಪ್ಪಸದ ಕಣ ಹಾಕಿ ಮುಗಿಸಿ, ಸಿಡ್ನಿಯ ಮೂರನೆಯಾಕೆ ಬೊಗಸೆ ಎತ್ತಿದ ಹೊತ್ತಿಗೆ ಎರಡನೆಯವನ ಮೊಣಕಾಲು ಉಳುಕಿತು. ಆಟ ಮುಗಿಯಲು ಏಳು ನಿಮಿಷವಿತ್ತು.

ಪಲ್ಲವಿ ಎದ್ದು ನಿಂತು ಚೀರಿದಳು. “ಅಮ್ಮಾ! ಸಂಜು ಈಸ್ ಗೋಯಿಂಗ್ ಇನ್! ಅಮ್ಮಾ, ಹಿ ಈಸ್ ಪ್ಲೇಯಿಂಗ್!”

“ಪುಟ್ಟಿ, ಸನ್ಮಾನ ನಡದೈತಿ” ಎಂದರು ಈರಯ್ಯನವರು ಮೈಕಿನಲ್ಲಿ. “ಮುಗದ ಮ್ಯಾಲೆ ಹಾಕು.”

“ಅಂಕಲ್, ಪ್ಲೀಸ್! ಸೆವೆನ್ ಮಿನಿಟ್ಸ್ ಅಷ್ಟೇ ಇರೋದು!”

“ಲೋಗೋ ತೆಗಿಬ್ಯಾಡಮ್ಮಾ” ಎಂದ ಯೋಗೀಶ ಮುಂದಿನ ಸಾಲಿನಿಂದ. “ಅಗ್ರಿಮೆಂಟ್ ಇದೆ.”

ಹೇಮಲತಾ ಏಳಲು ನೋಡಿದಳು. ಮಡಿಲಲ್ಲಿ ಎಂಟು ಹೆಂಗಸರ ಅಕ್ಕಿ ಇತ್ತು, ಎಂಟು ಕೊಬ್ಬರಿ ಬಟ್ಟಲು ಇದ್ದವು. ತುಂಬಿದ ಉಡಿ ಚೆಲ್ಲುವುದು ಯಾರಿಗೂ ಶ್ರೇಯಸ್ಸಲ್ಲ, ಮೊದಲು ಮಕ್ಕಳಿಗೇ ಅಲ್ಲ. ಸಿಡ್ನಿಯ ನಾಲ್ಕನೆಯ ಮುತ್ತೈದೆ ಅವಳ ಭುಜ ಒತ್ತಿ, “ಅಲ್ಲಾಡಬೇಡಿ ಹೇಮಾ, ಫೋಟೊ” ಎಂದಳು. ಪಕ್ಕದಲ್ಲಿ ಶಂಭುಲಿಂಗನ ತಲೆಯ ಮೇಲೆ ಎರಡನೆಯ ಪೇಟ ಕಣ್ಣಿನವರೆಗೆ ಜಾರಿತ್ತು. ಅವನಿಗೆ ಏನಾಗುತ್ತಿದೆ ಎಂಬುದೇ ತಿಳಿದಿರಲಿಲ್ಲ.

ಆಗ ಅವಳು ಮಗಳ ಮುಖ ನೋಡತೊಡಗಿದಳು. ಚಂದ್ರಶೇಖರ್ ಅಭಿನಂದನಾ ಪತ್ರ ಓದುತ್ತಿದ್ದರು. ಅಷ್ಟು ದೂರದಲ್ಲಿ, ಲ್ಯಾಪ್‌ಟಾಪಿನ ಬೆಳಕಿನಲ್ಲಿ, ಪಲ್ಲವಿ ಒಮ್ಮೆ ಎರಡೂ ಕೈ ಬಾಯಿಗೆ ಒಯ್ದಳು. ಆಮೇಲೆ ಉಸಿರು ಬಿಟ್ಟಳು. ಒಂದು, ಎಂದು ಎಣಿಸಿದಳು ತಾಯಿ. ಸ್ವಲ್ಪ ಹೊತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದು ನಕ್ಕಳು. ಎರಡು. ಮೂರನೆಯದಕ್ಕೆ ಮೇಜು ಗುದ್ದಿದಳು. ನಾಲ್ಕನೆಯದಕ್ಕೆ ಏನೂ ಮಾಡಲಿಲ್ಲ, ಕಲ್ಲಿನಂತೆ ನಿಂತೇ ಇದ್ದಳು. ನಂತರ ತಾಯಿಯತ್ತ ನೋಡಿ ಅತ್ತುಬಿಟ್ಟಳು. ಪತ್ರದ ಓದು ಮುಗಿದು ಸಭೆ ಚಪ್ಪಾಳೆ ತಟ್ಟಿತು. ಪಂದ್ಯವೂ ಮುಗಿದಿತ್ತು. ಹೇಮಲತಾಳ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಉಡಿಯ ಅಕ್ಕಿ ಜರುಗುತ್ತಿತ್ತು.

ಮನೆ ಸೇರುವ ಹೊತ್ತಿಗೆ ಫೋನ್ ಬಂತು.

“ಅಮ್ಮಾ! ಡಿಡ್ ಯು ಸೀ?”

“ನೋಡಿದೆಪಾ. ನಾಕು ಹಿಡದಿ.”

“ಫೋರ್! ಯೆಸ್! ಯು ಕೌಂಟೆಡ್?”

“ಒಂಬತ್ತ್ ವರ್ಷ ಮತ್ತೇನ್ ಮಾಡೇನಿ ನಾ?” ಎಂದು ನಕ್ಕಳು. ಫೋನ್ ಇಟ್ಟ ಮೇಲೆ ನಗಲಿಲ್ಲ.

ಮರುದಿನ ಕಾಲೇಜು ಎರಡು ನಿಮಿಷದ ತುಣುಕು ಹಾಕಿತು. ತಾಯಿ ಮಗಳು ಅದನ್ನು ಆರು ಸಲ ನೋಡಿದರು. ಅದರಲ್ಲಿ ಗೋಲುಗಳು ಮಾತ್ರ ಇದ್ದವು. ಸಂಜು ಒಂದನ್ನೂ ಬಿಟ್ಟುಕೊಡದೆ ಇದ್ದದ್ದರಿಂದ ಅದರಲ್ಲಿ ಎಲ್ಲಿಯೂ ಕಾಣಲಿಲ್ಲ. ಒಂದೇ ಒಂದು ಒಳಗೆ ಬಿಟ್ಟಿದ್ದರೆ ಮುಖ ನೋಡಬಹುದಿತ್ತಲ್ಲ ಎಂದು ಹೇಮಲತಾಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳು ಕೆನ್ನೆ ಬಡಿದುಕೊಂಡಳು.

ಮುಂದಿನ ಶನಿವಾರ ಋತುವಿನ ಪರಾಮರ್ಶೆಗೆಂದು ವಿಶೇಷ ಸಭೆ ಕರೆಯಲಾಯಿತು. ಉಪಸಮಿತಿಯು ತನ್ನ ವರದಿ ಮಂಡಿಸಿತು. ಕೊನೆಯ ಪಂದ್ಯದ ಅಂಕಿಅಂಶಗಳನ್ನು ಲ್ಯಾಪ್‌ಟಾಪಿನ ಬಳಿ ನಿಯೋಜಿತಳಾದ ಕುಮಾರಿ ಪಲ್ಲವಿಯಿಂದ ಪಡೆಯಲಾಗಿದ್ದು, ಸದರಿ ಪಂದ್ಯದ ಅಂತಿಮ ಏಳು ನಿಮಿಷಗಳಲ್ಲಿ ಸಂಜು ಬಾಗಿಲನ್ನು ಒಂದು ಸಲವೂ ತೆಗೆದಿರುವುದಿಲ್ಲ ಎಂದು ತಿಳಿದುಬಂದಿತ್ತು. ಸಿಡ್ನಿ ಬಳಗವು ತನ್ನ ಅರ್ಧಪಾಲಿಗೆ ಆದ ಈ ಹಾನಿಯ ಬಗ್ಗೆ ವಿವರಣೆ ಕೋರಿತ್ತು.

“ಅಂವಾ ಆಡಲಿಕ್ಕೆ ಹೋಗಿದ್ನಲ್ರೀ!” ಎಂದಳು ಹೇಮಲತಾ.

“ನೋಡಿದವರು ಕೈ ಎತ್ರಿ” ಎಂದರು ಈರಯ್ಯನವರು.

ಪಲ್ಲವಿ ಎತ್ತಿದಳು. ಹದಿನೆಂಟು ತುಂಬದವರ ಕೈ ಲೆಕ್ಕಕ್ಕಿಲ್ಲ ಎಂದು ಕಾರ್ಯದರ್ಶಿ ನೆನಪಿಸಿದರು. ಹೇಮಲತಾ ಸುತ್ತ ನೋಡಿದಳು. ಇನ್ನೂರು ಜನರಲ್ಲಿ ಯಾರ ಕೈಯೂ ಮೇಲಿರಲಿಲ್ಲ. ಅವಳು ತನ್ನ ಕೈ ಎತ್ತಿದಳು.

ಸಭೆ ಗಾಬರಿಗೊಂಡಿತು. ಶಂಭುಲಿಂಗ ಅವಳ ಸೆರಗು ಜಗ್ಗಿ, “ಕೈ ಇಳಿಸ, ಮಾರಾಯ್ತಿ” ಎಂದು ಪಿಸುಗುಟ್ಟಿದ.

“ಅಕ್ಕಾರ,” ಎಂದರು ಈರಯ್ಯನವರು ಬಹಳ ಸೌಮ್ಯವಾಗಿ, “ಪರದೆ ಮ್ಯಾಲೆ ಲೋಗೋ ಇತ್ತು, ಆ ಮಾತು ಬ್ಯಾರೆ; ನೀವು ನೋಡಿದ್ರ, ಹೊಳ್ಳಿ ನೋಡೀರಿ ಅಂದಂಗಾತು. ಅಂದ್ರ ಹನ್ನೊಂದನೇ ನಿಯಮ ಮುರದ್ರಿ. ಸನ್ಮಾನ ವಾಪಸ್ ತಗೋಬೇಕಾಗ್ತದ. ಯಾಕ್ ಬೇಕ್ರಿ ನಿಮಗ? ನೋಡಿಲ್ಲ ಅನ್ರಿ, ಮುಗೀತು.”

“ನೋಡೇನ್ರಿ” ಎಂದಳು ಹೇಮಲತಾ. “ನಾಕು ಹಿಡದ. ನನ್ನ ಮಗನ್ನ ನಾ ನೋಡೇನಿ.”

ಬೇರೆ ದಾರಿ ಇರಲಿಲ್ಲ. ಸನ್ಮಾನವನ್ನು ಹಿಂಪಡೆಯತಕ್ಕದ್ದೆಂದು ತೀರ್ಮಾನವಾಯಿತು. ಆದರೆ ಗೌರವದಿಂದ ಕೊಟ್ಟದ್ದನ್ನು ಗೌರವದಿಂದಲೇ ಹಿಂಪಡೆಯಬೇಕಷ್ಟೆ. ಆದ್ದರಿಂದ ಏಪ್ರಿಲ್ ಎರಡನೆಯ ಶನಿವಾರ ‘ಸನ್ಮಾನ ವಾಪಸಾತಿ ಸಮಾರಂಭ’ವನ್ನು ಊಟದ ಸಮೇತ ಏರ್ಪಡಿಸಲಾಯಿತು. ಒಂದು ಶಾಲನ್ನು ಮೆಲ್ಬರ್ನ್, ಇನ್ನೊಂದನ್ನು ಸಿಡ್ನಿ ತೆಗೆಯತಕ್ಕದ್ದು. ಹತ್ತು ಮುತ್ತೈದೆಯರು ತಾವು ಹಾಕಿದ ಅಕ್ಕಿಯನ್ನು ತಾವೇ ಹಿಂದಕ್ಕೆ ಅಳೆದುಕೊಳ್ಳತಕ್ಕದ್ದು. ಚಂದ್ರಶೇಖರ್ ಫೋನಿನಲ್ಲೇ ಒಪ್ಪಿಗೆ ಕೊಟ್ಟು, ಇಂಥ ಕಾರ್ಯಕ್ರಮ ಆಸ್ಟ್ರೇಲಿಯಾದಲ್ಲೇ ಮೊದಲು ಎಂದು ಹೆಮ್ಮೆಪಟ್ಟರು. ಎರಡನೆಯ ಪೇಟ ಹೋಗುತ್ತದೆಂದು ಶಂಭುಲಿಂಗ ಸ್ವಲ್ಪ ಬಾಡಿದ. ವಾಪಸು ಕೊಡುವವರಿಗೆ ನೆನಪಿನ ಕಾಣಿಕೆ ಇದೆ ಎಂದ ಮೇಲೆ ಚೇತರಿಸಿಕೊಂಡ.

“ಅವತ್ತ ನನ್ನ ಕುರ್ಚಿ ಎಲ್ಲಿರ್ತದ್ರಿ?” ಎಂದು ಕೇಳಿದಳು ಹೇಮಲತಾ.

“ಸನ್ಮಾನ ಕಳಕೊಂಡವರು ಗಣ್ಯರಲ್ಲಲ್ರೀ. ಕೆಳಗ, ಎಲ್ಲಾರ ಜೋಡಿ. ಪರದೆ ಎದುರಿಗೇ.”

“ಹಂಗಾರ ಆಗ್ಲಿ” ಎಂದಳು.

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಹಾಕಿ ಋತು ಮುಗಿದದ್ದರಿಂದ, ಆ ದಿನ ಎರಡು ಗಂಟೆಯೂ ಪರದೆಯ ಮೇಲೆ ಯೋಗೀಶನ ಲೋಗೋ ಇರುತ್ತದೆ ಎಂದು ಕಾರ್ಯದರ್ಶಿ ನಡಾವಳಿಯಲ್ಲಿ ಬರೆದುಕೊಂಡರು.