ಖಾತ್ರಿ ಇಲ್ಲದ ಕಾಕಾ

ನಮ್ಮ ಕಾಕಾನಿಗೆ ಕಂಪ್ಯೂಟರ್ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತಿರಲಿಲ್ಲ ಎಂದರೂ ನಂಬಬೇಡಿ! ಇಷ್ಟು ವರ್ಷವಾದರೂ ನನಗೇ ಇದು ಬಗೆಹರಿದಿಲ್ಲ, ನಿಮಗೇನು ಹೇಳಲಿ?

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ದಿನಾ ಅಗಡಿಯಿಂದ ಬಸ್ಸು ಹಿಡಿದು ಹಾವೇರಿಗೆ ಬಂದು, ವಿಶ್ವವಿದ್ಯಾಲಯವೊಂದರ ಶಾಖಾ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ. ಇಪ್ಪತ್ತು ವರ್ಷ ಟೈಪ್‌ರೈಟರ್ ಬಡಿದ ಕೈ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದರ ಜಾಗದಲ್ಲಿ ಕಂಪ್ಯೂಟರ್ ಬಂದು ಕೂತಿತು. ಬೆರಳುಗಳು ಹೇಗೋ ಒಗ್ಗಿಕೊಂಡವು, ಎಡಗೈ ಮಾತ್ರ ಒಗ್ಗಲಿಲ್ಲ. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗಲೆಲ್ಲ ಎಡಗೈಯಿಂದ ಹಿಡಿಕೆಯನ್ನು ಬಲಕ್ಕೆ ತಳ್ಳಬೇಕಲ್ಲ? ಇಲ್ಲಿ ಹಿಡಿಕೆ ಎಲ್ಲಿದೆ? ಕಾಕಾ ಪರದೆಯನ್ನೇ ತಳ್ಳುತ್ತಿದ್ದ! ಸಂಜೆಯ ಹೊತ್ತಿಗೆ ಅದು ಪಕ್ಕದ ಗುಮಾಸ್ತರ ಮೇಜಿಗೆ ಹೋಗಿ ನಿಂತಿರುತ್ತಿತ್ತು. ಕುರ್ಚಿ ಸರಿಸುತ್ತ ಸರಿಸುತ್ತ ಕಾಕಾನೂ ಅದರ ಹಿಂದೆ.

“ರೀ, ಇದು ನನ್ನ ಟೇಬಲ್ ರೀ!” ಎಂದು ಅವರು ರೇಗಿದರೆ, “ಗೊತ್ತೈತ್ರೀ. ನಾ ಒಲ್ಲೆ ಅಂದೆ, ಅದ ಕರಕೊಂಡು ಬಂತು” ಎನ್ನುತ್ತಿದ್ದ.

ಮುಂದಿನ ಫಜೀತಿ ಇದಕ್ಕಿಂತ ದೊಡ್ಡದು. ತರಗತಿಗೆ ಬರುವುದನ್ನು ಬಿಟ್ಟ ಮೂವರ ಹೆಸರನ್ನು ಪಟ್ಟಿಯಿಂದ ಅಳಿಸಲು ಸಾಹೇಬರು ಹೇಳಿದರು. ಅಳಿಸುವ ಮೊದಲು ಕಂಪ್ಯೂಟರ್ ಒಂದು ಮಾತು ಕೇಳುತ್ತದೆ, ನೀವೂ ನೋಡಿರುತ್ತೀರಿ: ನಿಮಗೆ ಖಾತ್ರಿಯಿದೆಯೇ? ನಾವೆಲ್ಲ ಓದದೆಯೇ ಹೌದು ಎಂದು ಒತ್ತಿಬಿಡುತ್ತೇವೆ. ಕಾಕಾ ಓದಿದ. ಅರ್ಧ ತಾಸು ವಿಚಾರ ಮಾಡಿದ. ‘ಇಲ್ಲ’ ಒತ್ತಿದ!

“ಯಾಕ್ರೀ, ಹೆಸರು ಇನ್ನೂ ಹಂಗ ಅದಾವು?”

“ಖಾತ್ರಿ ಐತೇನು ಅಂತ ಕೇಳತೈತ್ರಿ ಸಾಹೇಬ್ರ. ನನಗ ಖಾತ್ರಿ ಇಲ್ಲರಿ.”

“ಅದು ಎಲ್ಲಾರನ್ನೂ ಹಂಗ ಕೇಳತೈತ್ರೀ!”

“ಹಂಗಾದ್ರ ಎಲ್ಲಾರೂ ಖರೇ ಹೇಳಬೇಕ್ರಿ.”

ಸಾಹೇಬರು ತಲೆ ಹಿಡಿದುಕೊಂಡರು. ಕಾಕಾ ರಜೆ ಹಾಕಿ ಊರೂರು ತಿರುಗಿದ. ಕದರಮಂಡಲಗಿಯ ಹುಡುಗ ಮಿಲಿಟರಿ ಸೇರಿದ್ದ. ಅವನ ತಾಯಿ ರೊಟ್ಟಿ ಬಡಿದು ಊಟಕ್ಕಿಟ್ಟು “ಅಳಸ್ರಿ” ಎಂದಳು. ರಾಣೆಬೆನ್ನೂರಿನವನು ಬೀಜದ ಅಂಗಡಿ ಇಟ್ಟಿದ್ದ. “ಇಷ್ಟು ಕೇಳಾಕ ಇಲ್ಲೀತನಕಾ ಬಂದ್ರೇನು?” ಎಂದು ಕಕ್ಕಾಬಿಕ್ಕಿಯಾದ. ಎರಡು ಹೆಸರು ಖಾತ್ರಿಯಾಗಿ ಅಳಿಸಿಹೋದವು.

ಮೂರನೆಯದು ನನ್ನದು!

ಎಂ.ಎ. ಅರ್ಧಕ್ಕೆ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದಿದ್ದೆ. ಒಂದು ಭಾನುವಾರ ಕಾಕಾ ಸೀನುತ್ತಲೇ ಒಳಗೆ ಬಂದ.

“ಬರ್ರಿ ಬೀಗರ, ಕುಂದರ್ರಿ. ಏನು ಇತ್ತಾಗ ಬಂದ್ರಿ?” ಎಂದರು ಅತ್ತೆ.

“ಕಂಪ್ಯೂಟರ್ ಕಳಿಸೇತ್ರಿ” ಎಂದವನೇ ನನ್ನತ್ತ ತಿರುಗಿದ. “ಯವ್ವಾ, ನಿನ್ನ ಹೆಸರು ಅಳಸಾಕ ಹೇಳ್ಯಾರ. ನಿನಗ ಖಾತ್ರಿ ಐತೇನು?”

ಅತ್ತೆಯ ಮುಖ ನೋಡಿದೆ, ಗಂಡನ ಮುಖ ನೋಡಿದೆ.

“ಅವರನ್ನ ಯಾಕ ನೋಡ್ತಿ? ನಾ ಕೇಳಿದ್ದು ನಿನಗ.”

ಓದು ಬಿಡಿಸುವಾಗ ಅಪ್ಪ ಮತ್ತು ಅತ್ತೆ ಮಾತಾಡಿಕೊಂಡಿದ್ದರು. ಗಂಡ ಹ್ಞೂಂ ಎಂದಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಮೆಣಸಿನಕಾಯಿ ಘಾಟು ಎಂದು ತಿಳಿದರೇನೋ, ತಿಳಿಯಲಿ.

“ಇಲ್ಲ ಕಾಕಾ. ಖಾತ್ರಿ ಇಲ್ಲ.”

ಅತ್ತೆಯೇ ಕಾಕಾನತ್ತ ತಿರುಗಿ, “ಪರೀಕ್ಷಾ ಯಾವಾಗ ಐತ್ರಿ ಬೀಗರ?” ಎಂದರು.

ಕಾಕಾ ಮೂಗು ಒರೆಸಿಕೊಂಡು, ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ಪರೀಕ್ಷೆಯ ಅರ್ಜಿ! ನನ್ನ ಹೆಸರು, ಊರು ಎಲ್ಲವನ್ನೂ ಆಗಲೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚು ಹಾಕಿ ತಂದಿದ್ದ. ಸಹಿಯ ಜಾಗವೊಂದು ಖಾಲಿ ಇತ್ತು.