ತಂಬೂರಿಯೊಳಗಿನ ದೈವದತ್ತ ಗಂಟು

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಚಾಳಿನ ಏಳನೇ ನಂಬರ್ ಖೋಲಿಯಲ್ಲಿ, ಒಂದು ಸೋಮವಾರ ಮುಂಜಾನೆ, ಎರಡನೇ ಕಪ್ ಚಹಾ ಕುಡಿದು ಕೆಳಗಿಟ್ಟ ಜಟ್ಟೆಪ್ಪ ಎದ್ದು ನಿಂತು ಘೋಷಣೆ ಮಾಡಿಯೇಬಿಟ್ಟ.

"ಈ ಸಲ ನಾ ಮಾಡೂ ತಂಬೂರಿ ಹೆಂಗಿರ್ತೈತಿ ಅಂದ್ರ, ಸಾನಪಾಡಾದಾಗ ಮೀಟಿದ್ರ ಬದಲಾಪುರದಾಗ ಕುಂತಾವ ತಲಿ ತೂಗಬೇಕು! ಮತ್ತ ಕೇಳಿಲ್ಲೆ, ಬಾಲಿ. ಇದಕ್ಕ ನನ್ನ ಕೈ ಬಿಟ್ಟು ಬ್ಯಾರೆ ಯಾರ ಕೈನೂ ಹತ್ತಬಾರದು. ಧೂಳಾ ಒರಸ್ತೀನಿ ಅಂತ ಅರಿಬಿ ಹಿಡಕೊಂಡು ಸೈತ ಬರಬ್ಯಾಡ!"

ಹೆಂಡತಿ ಬಾಲಮ್ಮ ಬ್ಯಾಗಿಗೆ ಸೀರೆ ತುರುಕುತ್ತಿದ್ದಳು. ಸಿಂದಗಿಯಲ್ಲಿ ತಂಗಿಯ ಬಾಣಂತನ. ಮಧ್ಯಾಹ್ನದ ಗಾಡಿಗೆ ಹೊರಟಿದ್ದಳು.

"ನಿಮ್ಮ ಬುರುಡಿ ಉಸಾಬರಿ ನನಗ್ಯಾಕ್ ಬೇಕ್ರೀ? ಹದಿನೈದು ದಿನ ಆ ತಂಬೂರಿ ಕೂಡನ ಸಂಸಾರ ಮಾಡ್ರಿ. ಅನ್ನ ಮಾತ್ರ ಅದರ ಕಡೆ ಕೇಳಬ್ಯಾಡ್ರಿ!"

ಜಟ್ಟೆಪ್ಪ ವಿಜಯಪುರದ ಕಡೆಯಿಂದ ಬಂದವನು. ಮೊದಲು ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದ. ಕಲ್ಯಾಣದ ಒಬ್ಬ ಮುದುಕ ಕುಶಲಕರ್ಮಿಯ ಕೈಕೆಳಗೆ ಕುಳಿತು ತಂಬೂರಿ ಮಾಡುವುದು ಕಲಿತ. ಈಗ ಇಪ್ಪತ್ತೆರಡು ವರ್ಷದಿಂದ ಅದೇ ಕಸುಬು. ಕಟ್ಟುವುದು, ರಿಪೇರಿ ಮಾಡುವುದು, ಮಾರುವುದು ಎಲ್ಲವೂ ಒಂದೂವರೆ ಖೋಲಿಯಲ್ಲೇ. ತಂಬೂರಿಯ ಹೊಟ್ಟೆಗೆ ಬೇಕಾದ ಒಣಗಿದ ಸೋರೆ ಬುರುಡೆಗಳು ಜಾಗವಿಲ್ಲದೆ ಚಾವಣಿಯಿಂದ ನೇತಾಡುತ್ತವೆ. ಬಂದ ಬೀಗರಿಗೆ ಚಹಾಕ್ಕಿಂತ ಮೊದಲು ಹಣೆಗೊಂದು ಬುರುಡೆಯ ಸ್ವಾಗತ! ಇನ್ನು ಕಿವಿಯ ವಿಷಯಕ್ಕೆ ಬಂದರೆ, ಜಟ್ಟೆಪ್ಪನನ್ನು ಹಿಡಿಯುವವರೇ ಇಲ್ಲ. "ತಂತಿ ಮ್ಯಾಲೆ ನೊಣ ಕುಂತ್ರ, ಅದು ಹೆಣ್ಣೋ ಗಂಡೋ ಹೇಳ್ತೀನಿ" ಎಂಬುದು ಅವನ ಖಾಯಂ ಮಾತು. ಇದುವರೆಗೆ ಯಾವ ನೊಣವೂ ಆಕ್ಷೇಪಣೆ ಎತ್ತಿಲ್ಲ.

ಆರ್ಡರ್ ಕೊಟ್ಟವರು ಸಾನಪಾಡಾದ ಉಮಾವತಿ ಟೀಚರ್. ಉಡುಪಿ ಕಡೆಯವರು, ಮನೆಯಲ್ಲೇ ಮಕ್ಕಳಿಗೂ ಹೆಂಗಸರಿಗೂ ಭಜನೆ ಹೇಳಿಕೊಡುವವರು. "ಫೋನಿನ ಆ್ಯಪ್ ಇಟ್ಟುಕೊಂಡು ಹಾಡಿ ಹಾಡಿ ಸಾಕಾಯ್ತು ಮಾರಾಯ್ರೆ. ನಡುವಲ್ಲಿ ಸಾಲ ಬೇಕಾ ಅಂತ ಕಾಲ್ ಬಂದ್ರೆ ದೇವರಿಗೇ ಕೋಪ ಬರುದಿಲ್ವಾ? ನನಗೆ ಕೈಯಲ್ಲಿ ಮಾಡಿದ ತಂಬೂರಿಯೇ ಬೇಕು" ಎಂದಿದ್ದರು. ಇಂಥ ಗಿರಾಕಿಗೆ ಎಂಥ ತಂಬೂರಿ ಕೊಡಬೇಕು ನೀವೇ ಹೇಳಿ!

ಬಾಲಮ್ಮ ಊರಿಗೆ ಹೋದ ಮರುದಿನ ಜಟ್ಟೆಪ್ಪ ಸ್ಟೂಲು ಹತ್ತಿ ಬುರುಡೆ ಆರಿಸತೊಡಗಿದ. ಒಂಬತ್ತರಲ್ಲಿ ಒಂದರ ತೊಟ್ಟಿಗೆ ಮಾತ್ರ ಕೆಂಪು ದಾರ ಕಟ್ಟಿತ್ತು. ಜಟ್ಟೆಪ್ಪನ ಕಣ್ಣು ಒದ್ದೆಯಾದವು. ಎಲ್ಲಮ್ಮನಿಗೆ ಹರಕೆ ಹೊತ್ತು ಕಟ್ಟಿ ಹೋಗಿದ್ದಾಳೆ! ಬಾಯಲ್ಲಿ ಉಸಾಬರಿ ಬೇಡ ಅನ್ನುತ್ತಾಳೆ, ಒಳಗೆ ಗಂಡನ ಮೇಲೆ ಎಷ್ಟು ಅಂತಃಕರಣ! ಬೆರಳ ಗಣ್ಣಿನಿಂದ ಬಡಿದು ನೋಡಿದ. ಗುಂಯ್ ಎಂದು ಗೋಡೆಯ ಕ್ಯಾಲೆಂಡರ್ ಕೂಡ ಅಲುಗಾಡುವ ಹಾಗೆ ನುಡಿಯಿತು. ಮೊದಲೇ ಕೊಯ್ದಿಟ್ಟ ಬಾಯಿಗೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕಿದರೆ, ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕರೀ ಗಂಟು.

"ಮಲ್ಲಿಕಾ! ಬಾರವ್ವ ಇಲ್ಲಿ, ನೋಡು! ಇದಕ್ಕ ದೈವದತ್ತ ಗಂಟು ಅಂತಾರ. ಸಾವಿರ ಬುರುಡಿಗೊಂದು ಹುಟ್ಟತೈತಿ. ನಾದ ಎಲ್ಲಾ ಇದರಾಗ ಕುಂತಿರ್ತೈತಿ. ಇದನ್ನ ಕೆತ್ತಿದವ ಕೆಟ್ಟ!"

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮಗಳು ಮೂಗು ತೂರಿಸಿ ನೋಡಿದಳು. "ಪಪ್ಪಾ, ಇಸ್ ಮೇ ಸೆ ಮೇಥಿ ಕಾ ಸ್ಮೆಲ್ ಆ ರಹಾ ಹೈ."

"ಮೆಂತೆ ವಾಸನಿ ಅಲ್ಲ ಹುಚ್ಚಿ, ಅದು ಪಕ್ಕಾ ಆದ ಬುರುಡಿ ಪರಿಮಳ!"

ಉದ್ದನೆಯ ದಂಡಿ, ಹಲಗೆ ಮೊದಲೇ ಸಿದ್ಧವಿದ್ದವು. ಹತ್ತು ದಿನದಲ್ಲಿ ಬುರುಡೆಗೆ ಹಲಗೆಯ ಮುಚ್ಚಳ ಕೂತಿತು, ಅದರ ಮೇಲೆ ತಂತಿ ಹೊರುವ ಕುದುರೆ ಹತ್ತಿತು, ನಾಲ್ಕು ತಂತಿ ಬಿಗಿದವು. ಸಾನಪಾಡಾಕ್ಕೆ ಒಯ್ದು ಕೊಟ್ಟರೆ, ಉಮಾವತಿ ಟೀಚರ್ ಮೊದಲ ಸಲ ಮೀಟಿದವರು ಐದು ನಿಮಿಷ ಕಣ್ಣೇ ತೆರೆಯಲಿಲ್ಲ. ತೆರೆದ ಮೇಲೆ, "ಎಂಥಾ ನಾದ ಮಾರಾಯ್ರೆ! ಆದ್ರೆ ಮೀಟುವಾಗ ಸ್ವಲ್ಪ ಮೆಂತೆ ವಾಸನೆ ಬರ್ತದಲ್ಲ?" ಎಂದರು. ಜಟ್ಟೆಪ್ಪ ಅವರಿಗೂ ದೈವದತ್ತ ಗಂಟಿನ ಮಹಿಮೆ ಕುರಿತು ಅರ್ಧ ಗಂಟೆ ಉಪನ್ಯಾಸ ಕೊಟ್ಟು, ಎರಡು ಇಡ್ಲಿ ಹೆಚ್ಚಿಗೆ ತಿಂದು, ಎದೆ ಉಬ್ಬಿಸಿಕೊಂಡು ಟ್ರೇನ್ ಹತ್ತಿದ.

ಮಂಗಳವಾರ ಬಾಲಮ್ಮ ವಾಪಸು ಬಂದಳು. ಬರುವ ಭಾನುವಾರ ಮಲ್ಲಿಕಾಳ ನಿಶ್ಚಿತಾರ್ಥ. ಹುಡುಗ ಕಲ್ಯಾಣದವನು, ಆಕಾಶ. ಬಾಲಮ್ಮ ಹೆಗಲ ಬ್ಯಾಗು ಇಳಿಸುವ ಮೊದಲೇ ಚಾವಣಿ ನೋಡಿದಳು. ಒಂದು, ಎರಡು ಎಂದು ಎಂಟರವರೆಗೆ ಎಣಿಸಿದಳು.

"ಕೆಂಪು ದಾರದ ಬುರುಡಿ ಎಲ್ಲೈತಿ?"

"ಸಾನಪಾಡಾದಾಗ ಹಾಡಾಕತ್ತೈತಿ!" ಎಂದ ಜಟ್ಟೆಪ್ಪ, ಮೀಸೆ ತಿರುವಿ.

ಬಾಲಮ್ಮ ಬ್ಯಾಗಿನ ಸಮೇತ ನೆಲಕ್ಕೆ ಕುಸಿದಳು. "ನನ್ನ ಬುಗುಡಿ! ಅದರಾಗ ನಮ್ಮವ್ವನ ಬುಗುಡಿ ಇದ್ದೂವಲ್ರೀ!"

ಬುಗುಡಿ ಅಂದರೆ ಮೇಲ್ಗಿವಿಗೆ ಇಡುವ ಒಡವೆ. ಹೊಸದಾಗಿ ಮದುವೆಯಾಗಿ ಮುಂಬಯಿ ಗಾಡಿ ಹತ್ತಿದ ದಿನ, ವಿಜಯಪುರದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ತಾಯಿ, ಗಾಡಿ ಅಲುಗಾಡಿದ್ದೇ ತಡ, ತನ್ನ ಕಿವಿಯಿಂದ ಎರಡನ್ನೂ ಬಿಚ್ಚಿ ಕಿಟಕಿಯೊಳಗೆ ಮಗಳ ಮುಷ್ಟಿಗೆ ತುರುಕಿದ್ದಳು. ಆಮೇಲೆ ಸಾಯುವ ತನಕ ಆ ತಾಯಿಯ ಕಿವಿ ಬೋಳಾಗಿಯೇ ಇತ್ತು. ಈಗ ಅವನ್ನು ನಿಶ್ಚಿತಾರ್ಥದ ದಿನ ಮಲ್ಲಿಕಾಳ ಕಿವಿಗೆ ಇಡಬೇಕೆಂದು ಬಾಲಮ್ಮ ವರ್ಷಗಳಿಂದ ಕಾದಿದ್ದಳು.

"ಬಂಗಾರ ಬುರುಡ್ಯಾಗ ಇಡೂದೇನ, ಬಾಲಿ?"

"ಕಳ್ಳರು ಕಪಾಟು ಒಡೀತಾರ, ಅಕ್ಕಿ ಡಬ್ಬಿ ಹುಡುಕ್ತಾರ. ಬುರುಡಿ ಯಾವ ಕಳ್ಳ ಒಯ್ತಾನ್ರೀ? ಬುರುಡಿ ಒಯ್ಯೂ ಕಳ್ಳ ಮನಿಯಾಗನ ಅದಾನ ಅಂತ ನನಗೇನ ಗೊತ್ತು!"

"ನನಗರ ಹೇಳಬೇಕೋ ಬ್ಯಾಡೋ?"

"ನಿಮಗ ಹೇಳಿದ್ರ ಇಡೀ ಚಾಳಿಗೆ ಹೇಳಿಧಂಗ! ಅದಕ್ಕ ಗುರುತಿಗೆ ಕೆಂಪು ದಾರ ಕಟ್ಟಿದ್ನಿ. ಮತ್ತ ನೊಣ ಹೆಣ್ಣೋ ಗಂಡೋ ತಿಳಿಯೂ ಕಿವಿಗೆ ಒಂದು ಜೋಡಿ ಬುಗುಡಿ ತಿಳಿಯಂಗಿಲ್ಲೇನ?"

ಊರಲ್ಲಿ ಹೆಂಗಸರು ಬಿದಿರ ಬುಟ್ಟಿ ಗಟ್ಟಿಯಾಗಲೆಂದು ನೆನೆಸಿದ ಮೆಂತೆಯನ್ನೂ ಕಾಗದವನ್ನೂ ಒಟ್ಟಿಗೆ ರುಬ್ಬಿ ಮೆತ್ತುತ್ತಾರೆ. ಬಾಲಮ್ಮ ಬುಗುಡಿಯನ್ನು ಅರಿವೆಯಲ್ಲಿ ಸುತ್ತಿ, ಬುರುಡೆಯ ತಳಕ್ಕಿಟ್ಟು, ಮೇಲೆ ಅದನ್ನೇ ದಪ್ಪಗೆ ಮೆತ್ತಿದ್ದಳು. ಯಾರಿಗೂ ಕಾಣದಿರಲೆಂದು ದೀಪದ ಕಾಡಿಗೆ ಸವರಿದ್ದಳು.

ಜಟ್ಟೆಪ್ಪ ತಿರುವುತ್ತಿದ್ದ ಮೀಸೆ ಬಿಟ್ಟ. "ಅಂದ್ರ... ಆ ಗಂಟು ದೈವದತ್ತ ಅಲ್ಲೇನ?"

"ಅಲ್ರೀ! ಬಾಲಮ್ಮದತ್ತ!" ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಜಟ್ಟೆಪ್ಪ ಅವಳ ಹೆಗಲ ಬ್ಯಾಗು ಇಳಿಸಿ ಬದಿಗಿಟ್ಟ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆಕೆ ಬಂಗಾರ ಬೇಕೆಂದು ಒಂದು ದಿನವೂ ಬಾಯಿಬಿಟ್ಟವಳಲ್ಲ. ಇದ್ದದ್ದೇ ಆ ಒಂದು ಜೋಡಿ.

ಬುಧವಾರ ಗಂಡ ಹೆಂಡಿರಿಬ್ಬರೂ ಠಾಣೆ ರೈಲು ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಸಾನಪಾಡಾ ಮುಟ್ಟಿದರು. ದಾರಿಯುದ್ದಕ್ಕೂ ಜಟ್ಟೆಪ್ಪ ಒಂದು ಅಮೋಘ ಸುಳ್ಳನ್ನು ಹೊಸೆದಿದ್ದ.

"ಟೀಚರ್, ನಮ್ಮಲ್ಲಿ ಮೊದಲನೇ ಸರ್ವಿಸಿಂಗ್ ಫ್ರೀ ಇರ್ತೈತ್ರಿ. ಅದಕ್ಕ ತಂಬೂರಿ ಒಯ್ಯಾಕ ಬಂದೀವಿ."

ಉಮಾವತಿ ಟೀಚರ್ ಕನ್ನಡಕ ಮೇಲೇರಿಸಿದರು. "ತಂಬೂರಿಗೆ ಎಂಥ ಸರ್ವಿಸಿಂಗ್? ಇದಕ್ಕೆ ಆಯಿಲ್ ಚೇಂಜ್ ಉಂಟಾ?"

"ಅಂದ್ರ... ತಂತಿ... ಹವಾ..."

"ಹವಾ ತುಂಬಲಿಕ್ಕೆ ಇದೇನು ಸ್ಕೂಟರ್ ಟಯರಾ?"

ಬಾಲಮ್ಮನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ಸುಳ್ಳ ಯಾಕ್ರೀ? ಇದರ ಹೊಟ್ಟ್ಯಾಗ ನಮ್ಮವ್ವನ ಬುಗುಡಿ ಅದಾವು. ಭಾನುವಾರ ಮಗಳ ಕಿವಿಗೆ ಹಾಕಬೇಕು" ಎಂದು ಆದದ್ದೆಲ್ಲ ಹೇಳಿದಳು. ಟೀಚರ್ ಮೊದಲು ನಕ್ಕರು. ಸೋಫಾದ ಕೈ ಹಿಡಿದುಕೊಂಡು ನಕ್ಕರು. ಪ್ಲಾಟ್‌ಫಾರ್ಮಿನ ಕಥೆ ಬಂದಾಗ ನಗು ನಿಲ್ಲಿಸಿ ಬಾಲಮ್ಮನ ಕೈ ಹಿಡಿದುಕೊಂಡರು.

"ತಕೊಂಡು ಹೋಗಿ ಅಮ್ಮಾ. ಆದ್ರೆ ಶನಿವಾರ ಸಂಜೆ ನನ್ನಲ್ಲಿ ಭಜನೆ ಉಂಟು. ಅಷ್ಟರೊಳಗೆ ಇದೇ ನಾದ ಬೇಕು. ಬರದಿದ್ರೆ ನಿಮ್ಮ ಬುಗುಡಿಯನ್ನು ವಾಪಸ್ ಒಳಗೇ ಇಡಿಸ್ತೇನೆ, ನೋಡಿ!"

"ಬುಗುಡಿ ತೆಗದ್ರ ನಾದ ಎಲ್ಲಿಗೆ ಹೋಗತೈತ್ರಿ ಟೀಚರ್? ನಾದ ಇರೋದು ಈ ಕೈಯಾಗ!" ಎಂದ ಜಟ್ಟೆಪ್ಪ. ಮಾಡಿದ ಅವಾಂತರ ಸಾಲದೆಂಬಂತೆ ಮತ್ತೆ ಜಂಬ!

ಚಾದರ ಹೊದಿಸಿದ ತಂಬೂರಿಯನ್ನು ಇಬ್ಬರ ನಡುವೆ ನಿಲ್ಲಿಸಿಕೊಂಡು ಬರುವಾಗ ಗಾಡಿಯಲ್ಲಿ ಒಬ್ಬ, "ಅಂಕಲ್, ಇಸ್ ಕಾ ಭೀ ಟಿಕೆಟ್ ನಿಕಾಲಾ ಕ್ಯಾ?" ಎಂದು ತಂಬೂರಿಗೂ ಟಿಕೆಟ್ ಕೇಳಿದ. ಜಟ್ಟೆಪ್ಪನಿಗೆ ನಗುವ ಮನಸ್ಸಿರಲಿಲ್ಲ.

ಮನೆಗೆ ಬಂದು, ತಂತಿ ಸಡಿಲಿಸಿ, ಬಿಸಿ ಮಾಡಿದ ಚಾಕುವಿನಿಂದ ಅಂಟು ಬಿಡಿಸಿ, ಹಲಗೆ ಎಬ್ಬಿಸಿದ. ಕೆತ್ತಿದವ ಕೆಟ್ಟ ಎಂದು ಸಾರಿದ್ದ ಆ ದೈವದತ್ತ ಗಂಟನ್ನು ತನ್ನ ಕೈಯಾರೆ ಉಳಿಯಿಂದ ಕೆತ್ತಿದ. ಅರಿವೆಯ ಗಂಟು ಹೊರಗೆ ಬಂತು. ಬಾಲಮ್ಮ ಬಿಚ್ಚಿದಳು. ಎರಡೂ ಬುಗುಡಿ ಇದ್ದವು!

ಹೋದ ವರ್ಷ ಮಲ್ಲಿಕಾ ಕಲ್ಯಾಣದ ಮಾಲಿನಲ್ಲಿ ಫ್ಯಾಷನ್ನೆಂದು ಮೇಲ್ಗಿವಿ ಚುಚ್ಚಿಸಿಕೊಂಡು ಬಂದಾಗ ಬಾಲಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಬುಗುಡಿ ಅದೇ ತೂತಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಮಮ್ಮೀ, ದುಖ್ತಂಯ್ ನಾ!" ಎಂದು ಮಲ್ಲಿಕಾ ನೋವಿಗೆ ಮುಖ ಹಿಂಡಿದಳು.

"ಸುಮ್ಮನಿರವ್ವ ಒಂದೀಟ. ಈ ಕಡೆ ಹೊಳ್ಳು." ಬಾಲಮ್ಮ ಮಗಳ ಗದ್ದ ಹಿಡಿದು ನೋಡಿದಳು, ಬಿಟ್ಟು ನೋಡಿದಳು. "ನಮ್ಮವ್ವನ್ನ ನೋಡಿಧಂಗ ಆತು ನೋಡ್ರಿ" ಎಂದು ಗಂಡನ ಕಡೆ ತಿರುಗಿದಳು. ಜಟ್ಟೆಪ್ಪ ಕಣ್ಣಿಗೆ ಮರದ ಪುಡಿ ಬಿತ್ತೆಂದು ಹೊರಗೆ ಹೋದ.

ಆದರೆ ಗುರುವಾರ ಮುಂಜಾನೆ ಹಲಗೆ ಕೂರಿಸಿ, ತಂತಿ ಬಿಗಿದು ಮೀಟುತ್ತಾನೆ, ಡಬ್! ಇನ್ನೊಮ್ಮೆ ಮೀಟಿದ. ಡಬ್ ಡಬ್! ಮುನ್ಸಿಪಾಲಿಟಿ ನಳ ಬಂದಾಗ ಖಾಲಿ ಕೊಡ ಬಡಿದ ಹಾಗೆ! ಕುದುರೆ ಸರಿಸಿದ, ತಂತಿ ಬದಲಿಸಿದ, ಹಲಗೆ ಮತ್ತೆ ಎಬ್ಬಿಸಿ ಗಂಟಿದ್ದ ಜಾಗಕ್ಕೆ ಮರದ ಪುಡಿ ಮೆತ್ತಿದ, ಬುಗುಡಿಯ ತೂಕಕ್ಕೆಂದು ಅದರ ಮೇಲೊಂದು ನಟ್ಟು ಬೋಲ್ಟು ಕೂಡ ಅಂಟಿಸಿದ. ಮಲ್ಲಿಕಾ ಶ್ರುತಿ ತೋರಿಸುವ ಆ್ಯಪ್ ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಪಪ್ಪಾ, ಆ್ಯಪ್ ಕುಛ್ ಪಕಡ್ ಹೀ ನಹೀ ರಹಾ. ಉಸ್ ಕೋ ಲಗ್ ರಹಾ ಹೈ ಕೋಯಿ ದರ್ವಾಜಾ ಖಟಖಟಾ ರಹಾ ಹೈ!" ಆ್ಯಪಿನ ಕಿವಿಗೆ ಅದು ಯಾರೋ ಬಾಗಿಲು ಬಡಿದ ಸದ್ದು!

ಮಧ್ಯಾಹ್ನದ ಹೊತ್ತಿಗೆ ಜಟ್ಟೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಮುಗೀತು ಬಾಲಿ. ಟೀಚರ್ ಮುಂದ ಯಾವ ಮಾರಿ ಹೊತ್ತು ನಿಲ್ಲಲಿ? ಇಪ್ಪತ್ತೆರಡು ವರ್ಷದ ಹೆಸರು ಸಾನಪಾಡಾದಾಗ ಮಣ್ಣಾಗತೈತಿ."

ಬಾಲಮ್ಮ ಅಡುಗೆ ಕಟ್ಟೆಯಿಂದಲೇ, "ಸೀಳು ಹಂಗ ಬಿಟ್ರ ಹೆಂಗ ನುಡೀಬೇಕ್ರೀ ಅದು?" ಎಂದಳು.

"ಯಾವ ಸೀಳು?"

"ಬುರುಡಿ ತಳದಾಗ ಕೂದಲೆಳಿಯಷ್ಟು ಸೀಳಿತ್ತಲ್ಲ! ನಿಮಗ ತೋರಿಸಿದ್ರ ಒಗದು ಬಿಡ್ತಿದ್ರಿ. ಛಲೋ ಬುರುಡಿ ಐತಿ ಪಾಪ ಅಂತ, ಬುಗುಡಿ ಇಟ್ಟು ಸೀಳಿನ ಮ್ಯಾಲನ ಮೆತ್ತಿದ್ನಿ. ಸೀಳೂ ಮುಚ್ಚತೈತಿ, ಬುಗುಡೀನೂ ಮುಚ್ಚತೈತಿ."

ಜಟ್ಟೆಪ್ಪ ಮತ್ತೆ ಹಲಗೆ ಎಬ್ಬಿಸಿ ಟಾರ್ಚ್ ಹಾಕಿ ನೋಡಿದ. ಮರದ ಪುಡಿಯ ಅಡಿಯಿಂದ ಸೀಳು ಸಾಸಿವೆಯಷ್ಟೂ ನಾಚಿಕೆಯಿಲ್ಲದೆ ಅವನನ್ನೇ ನೋಡುತ್ತಿತ್ತು. ಟಾರ್ಚ್ ಆರಿಸಿ, ಮೆಲ್ಲಗೆ ಕೇಳಿದ.

"ಮೆಂತೆ ನೆನೀಲಿಕ್ಕೆ ಎಷ್ಟೊತ್ತು ಬೇಕಾಗತೈತಿ, ಬಾಲಿ?"

"ಮುಂಜಾನೆನ ನೆನಿ ಹಾಕೀನಿ. ನಿಮ್ಮ ಮಾರಿ ನೋಡಿದ ಕೂಡಲೆ."

ಆ ಸಂಜೆ ಏಳನೇ ನಂಬರ್ ಖೋಲಿಯಲ್ಲಿ ತಂಬೂರಿ ತಜ್ಞ ಜಟ್ಟೆಪ್ಪ ಹಳೇ ಪೇಪರ್ ಹರಿದು ನೀರಿಗೆ ಹಾಕಿಕೊಟ್ಟ. ಬಾಲಮ್ಮ ರುಬ್ಬಿ, ಎರಡು ಬೆರಳಿಂದ ಮೆತ್ತಿ, ಅಂಗೈಯಿಂದ ನಯವಾಗಿ ಸವರಿದಳು. ಶುಕ್ರವಾರ ಇಡೀ ದಿನ ಬುರುಡೆ ಬಿಸಿಲಲ್ಲಿ ಒಣಗಿತು. ಶನಿವಾರ ಉಮಾವತಿ ಟೀಚರ್ ತಂಬೂರಿ ತೊಡೆಯ ಮೇಲಿಟ್ಟು ಮೀಟಿದರು. ಕಣ್ಣು ಮುಚ್ಚಿದರು. ಆಮೇಲೆ ಮೂಗರಳಿಸಿ ನಕ್ಕರು.

"ಇದೇ ನಾದ! ಮೆಂತೆಯೂ ಬಂತು! ನನ್ನ ಕ್ಲಾಸಿನ ಇನ್ನೂ ಇಬ್ಬರಿಗೆ ತಂಬೂರಿ ಬೇಕಂತೆ ಜಟ್ಟೆಪ್ಪನವರೇ. ಆದ್ರೆ ಆ ದೈವದತ್ತ ಗಂಟು ಇರ್ಲೇಬೇಕು."

ಭಾನುವಾರ ನಿಶ್ಚಿತಾರ್ಥ ಸಾಂಗವಾಗಿ ಮುಗಿಯಿತು. ಬುಗುಡಿ ಇಟ್ಟ ಮಲ್ಲಿಕಾಳ ಸೆಲ್ಫಿ ಇಡೀ ಚಾಳಿನ ಫೋನುಗಳಲ್ಲಿ ಓಡಾಡಿತು. ಸೋಮವಾರ ಮುಂಜಾನೆ ಎರಡನೇ ಕಪ್ ಚಹಾ ಮುಗಿಸಿದ ಜಟ್ಟೆಪ್ಪ ಈ ಸಲ ಘೋಷಣೆ ಏನೂ ಮಾಡಲಿಲ್ಲ. ಸ್ಟೂಲು ಹತ್ತಿ, ಎಲ್ಲಕ್ಕಿಂತ ಚೆಂದದ ಬುರುಡೆ ಇಳಿಸಿಕೊಂಡು ಅಡುಗೆ ಕಟ್ಟೆಯ ಹತ್ತಿರ ಹೋಗಿ ನಿಂತ.

"ಬಾಲಿ, ಇದಕ್ಕೊಂದೀಟ ಮೆಂತೆ..."

"ಯಾರ ಕೈನೂ ಹತ್ತಬಾರದು ಅಂದಿದ್ರಲ್ರೀ?"

"ನಿನ್ನ ಕೈ ಅಂದ್ರ ಯಾರ ಕೈ ಏನ, ಹುಚ್ಚಿ?"

ಬಾಲಮ್ಮ ನಗು ನುಂಗಿಕೊಂಡು, ಸೆರಗಿಗೆ ಕೈ ಒರೆಸಿಕೊಂಡಳು. ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗಣ್ಣಿನಿಂದ ಒಂದು ಸಲ ಬಡಿದಳು. ತಿರುಗಿಸಿ ಇನ್ನೊಂದು ಸಲ ಬಡಿದಳು. ಇಪ್ಪತ್ತೆರಡು ವರ್ಷ ತಂಬೂರಿ ಮಾಡಿದವನು ಉಸಿರು ಹಿಡಿದು ಕಾದ.

"ಇದು ನಡೆಯಂಗಿಲ್ಲ" ಎಂದು ವಾಪಸು ಅವನ ಕೈಗೇ ಕೊಟ್ಟಳು. "ಬ್ಯಾರೇದು ತರ್ರಿ."

ಜಟ್ಟೆಪ್ಪ ಮತ್ತೆ ಸ್ಟೂಲು ಹತ್ತಿದ.