ಪಂಕ್ ಕ್ಯಾಸೆಟ್ಟಿಗೆ ಮೂವರು ಪರೀಕ್ಷಕರು

ನಮ್ಮ ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದವನಿಗೆ ಬಿಡುವಿಲ್ಲ. ಹಾಲಿಗೆ ನೀರು ಬೆರೆತಿದೆಯೇ, ಬಾವಿ ನೀರು ಕುಡಿಯಬಹುದೇ, ಎಲ್ಲವೂ ಅವನ ಮುಂದೆ ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಮುಂದೆ ಒಂದು ಕ್ಯಾಸೆಟ್ ಬಂತು.

ತಂದವರು ಉಪ್ಪಾರಹಳ್ಳಿಯ ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಅವರ ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಎಂಟು ಹಾಡು ರೆಕಾರ್ಡ್ ಮಾಡಿದ್ದ. ಪಂಕ್ ಸಂಗೀತವಂತೆ, ಅದರಲ್ಲೂ ಗುನುಗಲು ಬರುವ ಜಾತಿಯದಂತೆ. ಎಂಟೂ ಹಾಡು, ಬೆಳ್ಳಾವಿ ಬಸ್ಸು ಹತ್ತಿ ಹಿಂತಿರುಗಿ ನೋಡದೆ ಹೋದ ಒಬ್ಬಳೇ ಹುಡುಗಿಯ ಮೇಲೆ. ಎಂಟನೆಯದು ಮುಗಿಯುವ ಹೊತ್ತಿಗೆ, ಅವಳು ಮಾಡಿದ್ದೇ ಸರಿ ಅನ್ನಿಸಿತು.

"ಮೂರು ಜನ ಕೇಳ್ಲಿ," ಅಂದರು ಮೇಷ್ಟ್ರು. "ಇಬ್ಬರು ಪಾಸ್ ಅಂದ್ರೆ ಗಿಟಾರ್ ಇವನ ಹತ್ರಾನೇ ಇರ್ಲಿ. ಇಲ್ಲಾಂದ್ರೆ ಗಿಟಾರ್ ಅಟ್ಟಕ್ಕೆ, ಇವನು ಮೇಷ್ಟ್ರಾಗೋಕೆ ಟಿ.ಸಿ.ಎಚ್.ಗೆ. ನೀನು ಸೈನ್ಸ್ ಓದಿದವನು. ಜೊತೆಗೆ ಹೋಗಿ ತೀರ್ಪು ಬರ್ಕೊಂಡು ಬಾ. ಬಾಯಿ ಹಾಕ್ಬೇಡ."

ಮಗ ಒಪ್ಪಿದ. ಮೇಷ್ಟರ ಕೆಲಸ ಅವನಿಗೆ ಸಾವಿಗೆ ಸಮ.

೧. ಶ್ರುತಿ

ಮೊದಲ ಪರೀಕ್ಷಕಿ ನಮ್ಮ ಬೀದಿಯ ಸಂಗೀತದ ಟೀಚರ್. ಕಣ್ಣು ಮುಚ್ಚಿ, ತಾಳ ಹಾಕಲು ತೊಡೆಯ ಮೇಲೆ ಕೈಯಿಟ್ಟು ಕೂತರು. ಒಂದು ಹಾಡಾಯಿತು, ನಾಲ್ಕಾಯಿತು. ಕೈ ಅಲ್ಲಾಡಲಿಲ್ಲ. ಎಂಟೂ ಮುಗಿದು ಟೇಪು ಟಕ್ಕೆಂದು ನಿಂತಾಗ ಕಣ್ಣು ಬಿಟ್ಟರು.

"ಶ್ರುತಿ ಸೇರಿಸಿದ್ದು ಆಯ್ತಾ? ಇನ್ನು ಹಾಡೋಕೆ ಹೇಳು."

"ಹಾಡಿದ್ದೇ ಆಯ್ತು, ಟೀಚರ್," ಅಂದ ಮಗ.

"ಅಯ್ಯೋ, ಶ್ರುತೀನೇ ಸೇರಿಲ್ವಲ್ಲಪ್ಪ!"

ಫೇಲು.

೨. ಒನ್ಸ್‌ಮೋರ್

ಗುಬ್ಬಿಯಲ್ಲಿ ನಾಟಕದ ಹಳೆಯ ಹಾರ್ಮೋನಿಯಂ ಮೇಷ್ಟ್ರೊಬ್ಬರಿದ್ದರು. ಮೂರು ಹಾಡು ಕೇಳಿ ಕೈಯೆತ್ತಿದರು.

"ಒಂದೊಂದು ಎರಡೇ ನಿಮಿಷಕ್ಕೆ ಮುಗೀತದಲ್ಲಯ್ಯ?"

"ಅದೇ ಈ ಶೈಲಿ ಸಾರ್," ಅಂದ ಮಗ, ಬೆವರೊರೆಸಿಕೊಂಡು.

"ಒಳ್ಳೇ ಶೈಲಿ. ನಮ್ಮ ಜನ ಒನ್ಸ್‌ಮೋರ್ ಅಂತ ಕೂಗಿ, ಸತ್ತ ರಾಕ್ಷಸನ್ನ ನಾಲ್ಕು ಸಲ ಎಬ್ಬಿಸಿ ಹಾಡಿಸೋರು. ಕಾಲಲ್ಲಿ ಹಾರ್ಮೋನಿಯಂ ತುಳಿದೂ ತುಳಿದೂ ನನ್ನ ಮಂಡಿ ಹೋಯ್ತು. ನಿನ್ನ ಹಾಡಿಗೆ ಯಾರೂ ಒನ್ಸ್‌ಮೋರ್ ಅನ್ನಲ್ಲ. ಪಾಸು ಬರ್ಕೊ."

೩. ಎರಡನೇ ಮಗ್ಗುಲು

ಮೂರನೆಯವರನ್ನು ಆರಿಸಿದ್ದು ಮಗನೇ. ಕುಣಿಗಲ್ ಕಡೆ, ಹುತ್ರಿದುರ್ಗದ ಬುಡದಲ್ಲಿ ಜಮೀನಿದ್ದ ಅವನ ಸೋದರಮಾವ. ರಕ್ತಸಂಬಂಧ, ಕೈಬಿಡರು ಎಂಬ ಲೆಕ್ಕ.

"ಸಂಗೀತ ನಂಗೇನ್ಲಾ ಗೊತ್ತು?" ಅಂದರು ಮಾವ. "ಕಡ್ಲೆಕಾಯಿ ಹೊಲಕ್ಕೆ ಕೋತಿ ಕಾಟ. ಹಾಕು ನೋಡಾನ. ಓಡೋದ್ರೆ ಪಾಸು."

ಬದುವಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟೆವು. ಕೋತಿಗಳು ಹನ್ನೊಂದು; ಎಣಿಸಿದೆ. ಎಂಟು ಹಾಡಿಗೂ ಒಂದೂ ಕದಲಲಿಲ್ಲ. ಎರಡು ಹತ್ತಿರ ಬಂದು ಕೂತು, ಕಡ್ಲೆಕಾಯಿ ಸುಲಿಯುತ್ತ ಕೇಳಿದವು. ಮಗನ ಮುಖದಲ್ಲಿ ಟಿ.ಸಿ.ಎಚ್. ಕಾಣತೊಡಗಿತು.

"ಆ ಕಡೆ ಏನೈತ್ಲಾ?" ಎನ್ನುತ್ತ ಮಾವ ಕ್ಯಾಸೆಟ್ ತಿರುಗಿಸಿ ಹಾಕಿದರು. ಮಗ "ಮಾವ, ಬ್ಯಾಡ..." ಅನ್ನುವಷ್ಟರಲ್ಲಿ ಅದರಿಂದ ಒಂದು ಗಂಟಲು ಎದ್ದಿತು. ದೇವರನಾಮದ ಮೊದಲ ಸಾಲು ಮುಗಿಯುವ ಮುಂಚೆ ಹನ್ನೊಂದೂ ಕೋತಿ ಬೆಟ್ಟ ಹತ್ತಿದವು.

"ಯಾವನ್ಲಾ ಇವ್ನು! ಈ ಗಂಟ್ಲು ಎರಡು ನಾಯಿಗೆ ಸಮ ಕಣ್ಲಾ! ಪಾಸು!"

ಹೊಸ ಕ್ಯಾಸೆಟ್ ದುಬಾರಿಯೆಂದು ಮಗ ಅಪ್ಪನ ಕ್ಯಾಸೆಟ್ಟಿನ ಒಂದು ಮಗ್ಗುಲು ಅಳಿಸಿ ಹಾಡಿದ್ದ. ಇನ್ನೊಂದು ಮಗ್ಗುಲಲ್ಲಿ ಸಾಕ್ಷಾತ್ ಮೇಷ್ಟ್ರೇ ಇದ್ದರು. ಮಾವನಿಗೆ ಭಾವನ ದನಿ ಗೊತ್ತಾಗಲಿಲ್ಲ. ಭಾವ ಹಾಡಲು ಕೂತಾಗ ಅವರು ಎಂದೂ ಆ ಮನೆಯಲ್ಲಿ ಉಳಿದವರಲ್ಲ. ನಾನು ಬಾಯಿ ಹಾಕಲಿಲ್ಲ, ಬರೆದುಕೊಂಡೆ.

ಸಂಜೆ ಉಪ್ಪಾರಹಳ್ಳಿಯಲ್ಲಿ, ಮನೆಯವರೆಲ್ಲರ ಮುಂದೆ ಓದಿದೆ. "ಮೊದಲ ಮಗ್ಗುಲು, ಪಂಕ್: ಓಡಿದ ಕೋತಿ ಸೊನ್ನೆ. ಎರಡನೇ ಮಗ್ಗುಲು, ದೇವರನಾಮ: ಓಡಿದ್ದು ಹನ್ನೊಂದು. ಪರೀಕ್ಷಕರ ಷರಾ: ಈ ಗಂಟಲು ಎರಡು ನಾಯಿಗೆ ಸಮ. ತೀರ್ಪು: ಪಾಸು."

ಅಡುಗೆಮನೆಯಲ್ಲಿ ಮೇಷ್ಟರ ಹೆಂಡತಿಯ ಕೈಯಿಂದ ಲೋಟ ಬಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

ಮಗ ಪ್ರಾಮಾಣಿಕ. "ಅಪ್ಪಾ, ಆ ಪಾಸು ನಂದಲ್ಲ. ಎರಡನೇ ಮಗ್ಗುಲಲ್ಲಿ ಹಾಡಿರೋದು..."

"ನೀನೇ ಕಣೋ!" ಗರ್ಜಿಸಿದರು ಮೇಷ್ಟ್ರು. "ಗಿಟಾರ್ ತಗೊಂಡು ಒಳಗ್ ಹೋಗು!"